ಬೆನ್ನುಹುರಿಗೆ ಪೆಟ್ಟಾದವರಿಗೆ ಬರೀ ವಿಶ್ರಾಂತಿ ಸಾಕಾ?

ಎಲ್ಲರಿಗೂ ಶರಣು. ಗಾಲಿಕುರ್ಚಿಯಲ್ಲಿ ಬಂದವರು ಮುಂದೆ ಇದ್ದೀರಿ, ಮನೆಯವರು ಹಿಂದೆ ಕೂತಿದ್ದೀರಿ. ಇವತ್ತು ಜಾಸ್ತಿ ಮಾತು ಮನೆಯವರ ಜೊತೆಗೇ.

ನಮ್ಮ ಕಲಬುರಗಿ ಕಡೆ ಮರದಿಂದ ಬಿದ್ದವರು, ಬೈಕ್ ಅಪಘಾತವಾದವರು, ಕಲ್ಲಿನ ಗಣಿಯಲ್ಲಿ ಪೆಟ್ಟು ತಿಂದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನಾಗುತ್ತದೆ? ನೀರು ಕೈಗೆ ಬರುತ್ತದೆ, ರೊಟ್ಟಿ ಮುರಿದ ತಟ್ಟೆ ಕೈಗೆ ಬರುತ್ತದೆ, "ನೀ ಆರಾಮ ಇರಪ್ಪಾ" ಅಂತೀರಿ. ಅದು ಪ್ರೀತಿಯೇ. ಆದರೆ ಕಾಲು ಆಡದ ಮನುಷ್ಯ ಕೈಯನ್ನೂ ಆಡಿಸದಿದ್ದರೆ ತೋಳಿನ ಬಲ ಇಳಿಯುತ್ತದೆ, ತೂಕ ಏರುತ್ತದೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಹತ್ತಿರ ಬರುತ್ತವೆ. ಕೊನೆಗೆ ಮಂಚದಿಂದ ಕುರ್ಚಿಗೆ ದಾಟಲಿಕ್ಕೂ ಇಬ್ಬರು ಬೇಕಾಗುತ್ತದೆ.

ಹಾಗಾದರೆ ಎಷ್ಟು ವ್ಯಾಯಾಮ ಬೇಕು? ಪೆಟ್ಟಾಗಿ ವರ್ಷ ಕಳೆದ ವಯಸ್ಕರಿಗೆ ಅಂತಲೇ 2018ರಲ್ಲಿ ಅಂತಾರಾಷ್ಟ್ರೀಯ ಸಲಹೆ ಪ್ರಕಟವಾಗಿದೆ. ವಾರಕ್ಕೆ 2 ಸಲ, 20 ನಿಮಿಷ ಉಸಿರು ಜೋರಾಗುವಂಥ ಕೆಲಸ. ಜೊತೆಗೆ ವಾರಕ್ಕೆ 2 ಸಲ, ಬಲ ಇರುವ ಸ್ನಾಯುಗಳಿಗೆಲ್ಲ 3 ಸುತ್ತು ವ್ಯಾಯಾಮ. ಹೃದಯಕ್ಕೂ ಒಳ್ಳೇದಾಗಬೇಕಾದರೆ 30 ನಿಮಿಷ, ವಾರಕ್ಕೆ 3 ಸಲ. ಅಷ್ಟೇ! ಓಣಿಯಲ್ಲಿ ಜೋರಾಗಿ ಕುರ್ಚಿ ತಳ್ಳಿಕೊಂಡು ಹೋದರೂ ಲೆಕ್ಕಕ್ಕೆ ಬರುತ್ತದೆ.

ಕುರ್ಚಿ ತಳ್ಳಿ ತಳ್ಳಿ ಭುಜದ ಮುಂಭಾಗ ಬಿಗಿಯುತ್ತದೆ, ನೋವು ಶುರುವಾಗುತ್ತದೆ. ಅದಕ್ಕೆ ಹಿಂದಕ್ಕೆ ಎಳೆಯುವ ವ್ಯಾಯಾಮ ಬೇಕು. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಕಿಟಕಿ ಸರಳಿಗೆ ಕಟ್ಟಿ, ಕುರ್ಚಿಯ ಬ್ರೇಕ್ ಹಾಕಿ, ಎರಡೂ ತುದಿ ಹಿಡಿದು ಮೊಣಕೈ ಪಕ್ಕೆಗೆ ತಾಗುವಂತೆ ನಿಧಾನಕ್ಕೆ ಎಳೆಯಬೇಕು, ಬೆನ್ನಿನ ರೆಕ್ಕೆ ಮೂಳೆಗಳು ಒಂದಕ್ಕೊಂದು ಹತ್ತಿರ ಬರಬೇಕು. ಬಿಡುವಾಗಲೂ ನಿಧಾನ. ಬೆರಳಿಗೆ ಹಿಡಿತ ಇಲ್ಲದವರಿಗೆ ಮೆತ್ತನೆ ಬಟ್ಟೆಯಿಂದ ಟ್ಯೂಬನ್ನು ಅಂಗೈಗೆ ಸುತ್ತಿ ಕೊಡಿ. ಎಳೆಯುವ ಕೆಲಸ ಮಾತ್ರ ಅವರೇ ಮಾಡಲಿ, ದಯವಿಟ್ಟು ನೀವು ಮಾಡಬೇಡಿ.

ನಮ್ಮ ಬಿಸಿಲಿನ ಬಗ್ಗೆ ಹೇಳಲೇಬೇಕು. ಪೆಟ್ಟಾದ ಜಾಗದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಇರಲಿ. ಕಾದ ಶಹಾಬಾದ್ ಕಲ್ಲಿನ ಮೇಲೆ ಕೂರಿಸಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಎದೆಯ ಮೇಲ್ಭಾಗ ಅಥವಾ ಕುತ್ತಿಗೆ ಮಟ್ಟದಲ್ಲಿ ಪೆಟ್ಟಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರು ಬಂದರೆ ರಕ್ತದೊತ್ತಡ ಏರಿರಬಹುದು. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಿಚಿದೆಯಾ ನೋಡಿ. ಕಮ್ಮಿಯಾಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ವ್ಯಾಯಾಮಕ್ಕೆ ಮುಂಚೆ ಮೂತ್ರ ಖಾಲಿ ಮಾಡಿಸುವುದು ಇದಕ್ಕೇ.

ಆಟ ಅಂದರೆ ನಗುವವರೂ ಇದ್ದಾರೆ. 1948ರ ಜುಲೈ 29ರಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಗಾಲಿಕುರ್ಚಿಯ 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಪ್ಯಾರಾಲಿಂಪಿಕ್ಸ್ ಬೆಳೆದಿದ್ದು ಅಲ್ಲಿಂದಲೇ. ಪಕ್ಕದ ಮಹಾರಾಷ್ಟ್ರದ ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡು ತಿಂದವರು, 1972ರಲ್ಲಿ ಈಜಿ ಭಾರತಕ್ಕೆ ಪ್ಯಾರಾಲಿಂಪಿಕ್ಸಿನ ಮೊದಲ ಚಿನ್ನ ತಂದರು.

ನಿಮ್ಮ ಹುಡುಗ ಪದಕ ತರಲಿ ಅಂತ ನಾನು ಕೇಳುತ್ತಿಲ್ಲ, ಸಂಜೆ ಮೈದಾನಕ್ಕೆ ಬರಲಿ ಅಂತ ಕೇಳುತ್ತಿದ್ದೇನೆ. ಅಂಗವಿಕಲರ ಆಟಕ್ಕೆ ಅನುಕೂಲ ಮಾಡಿಕೊಡಬೇಕು ಅಂತ 2016ರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಊರಿನ ಶಾಲೆ ಮೈದಾನದ ಗೇಟಿಗೆ ಮೆಟ್ಟಿಲಿದ್ದರೆ ಇಳಿಜಾರು ಹಾಕಿಸಿ ಅಂತ ಪಂಚಾಯಿತಿಗೆ ಅರ್ಜಿ ಕೊಡಿ. ಬರೆಯಲು ನಾನು ಇಲ್ಲೇ ಕೂರುತ್ತೇನೆ, ಊಟ ಮುಗಿಸಿ ಬನ್ನಿ.