ಜಿಗ್‌ಸಾ ಮಷಿನ್ನಿನಲ್ಲಿ ಉಜ್ಜುವ ಕೆಲಸ

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ ಸ್ಟೂಲು, ಗೂಡು, ಫೋಟೊ ಚೌಕಟ್ಟು ಮಾಡಿಕೊಳ್ಳುವವರ ಜೊತೆ ನನ್ನ ಮಾತು. ನಿಮ್ಮ ಹತ್ತಿರ ಜಿಗ್‌ಸಾ, ಅಂದರೆ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸ, ಇದೆಯೇ? ಹಾಗಾದರೆ ತೂತುಗಳ ಒಳಗಂಚು ಉಜ್ಜಲು ಇನ್ನೊಂದು ಮಷಿನ್ನಿಗೆ ದುಡ್ಡು ಸುರಿಯಬೇಡಿ. ಅದರ ಬ್ಲೇಡು ನಿಮಿಷಕ್ಕೆ ಸುಮಾರು 3000 ಸಲ, ಹೆಚ್ಚುಕಡಿಮೆ 20 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ನಾವು ಕೈಯಲ್ಲಿ ಉಜ್ಜುವುದೂ ಹೀಗೇ ತಾನೆ? ಬ್ಲೇಡಿಗೆ ಒಂದು ಕಡ್ಡಿ ಕೂರಿಸಿ, ಅದಕ್ಕೆ ಸ್ಯಾಂಡ್ ಪೇಪರ್ ಅಂಟಿಸಿದರಾಯಿತು. ಒಂದೇ ಮಾತು, ಒತ್ತಬೇಡಿ.

ನಮ್ಮ ಅಕ್ಕನ ಮನೆಯ ದೇವರ ಗೂಡಿಗೆ ತೇಗದ ಹಲಗೆಯಲ್ಲಿ ಜಾಲಿ ಕೊರೆದಿದ್ದೆ. ವೀಳ್ಯದೆಲೆ ಆಕಾರದ 36 ತೂತು. ಗೃಹಪ್ರವೇಶಕ್ಕೆ ಮೂರೇ ದಿನ. ಬೆರಳಿಗೆ ಸ್ಯಾಂಡ್ ಪೇಪರ್ ಸುತ್ತಿ ನಾಲ್ಕು ತೂತು ಮುಗಿಸುವಷ್ಟರಲ್ಲಿ ಚರ್ಮ ಸುಲಿಯಿತು. ಮೊಂಡಾದ ಉದ್ದ ಬ್ಲೇಡೊಂದರ ಹಲ್ಲುಗಳನ್ನು ಗ್ರೈಂಡರಿಗೆ ಹಿಡಿದು ಸವೆಸಿದೆ. ಕಿರುಬೆರಳು ಗಾತ್ರದ ಮರದ ಕಡ್ಡಿಗೆ ಸೀಳು ಕೊಟ್ಟು, ಬ್ಲೇಡು ಕೂರಿಸಿ, ಅರಾಲ್ಡೈಟ್ ಅಂಟು ತುಂಬಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಪೇಪರ್ ಅಂಟಿಸಿ ಸ್ವಿಚ್ ಹಾಕಿದೆನೋ ಇಲ್ಲವೋ, ಟಕ್! ಕಡ್ಡಿಯ ತಲೆ ಮಷಿನ್ನಿನ ತಳದ ತಗಡಿಗೆ ಬಡಿದು ಎರಡು ಹೋಳು. ಅಕ್ಕ ಕಾಫಿ ಲೋಟ ಇಡುತ್ತಾ, "ಕೈಯಲ್ಲೇ ಉಜ್ಜಿದ್ರೆ ಇಷ್ಟೊತ್ತಿಗೆ ಮುಗೀತಿತ್ತು ಕಣೋ" ಅಂದಳು.

ಎರಡನೆಯದಕ್ಕೆ, ಬ್ಲೇಡು ಪೂರ್ತಿ ಮೇಲೆ ಹೋದಾಗಲೂ ತಗಡಿಗೂ ಕಡ್ಡಿಗೂ ಒಂದು ಬೆರಳು ಸಂದು ಇರುವ ಹಾಗೆ ಗುರುತು ಹಾಕಿಕೊಂಡೆ. ಮುರಿಯಲಿಲ್ಲ. ಆದರೆ ಅವಸರಕ್ಕೆ ಒತ್ತಿದೆ ನೋಡಿ, ಬ್ಲೇಡು ಬಾಗಿತು, ಒಂದು ಎಲೆಯ ಅಂಚು ಬಿಸಿಗೆ ಕಪ್ಪಾಯಿತು. ವೇಗದ ಗುಂಡಿ ಇಳಿಸಿ ಕೈ ಸಡಿಲ ಬಿಟ್ಟ ಮೇಲೆ ಉಳಿದವೆಲ್ಲ ಮಧ್ಯಾಹ್ನದೊಳಗೆ ನುಣುಪು. ಆ ಕಪ್ಪು ಎಲೆಯನ್ನು ಅಕ್ಕ ಈಗಲೂ ಬಂದವರಿಗೆಲ್ಲ ತೋರಿಸುತ್ತಾಳೆ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಹಲಗೆಯನ್ನು ಕ್ಲಾಂಪಿನಲ್ಲಿ ಬಿಗಿಯಿರಿ. ಕಡ್ಡಿ ತೂತಿನೊಳಗೆ ಇಳಿದ ಮೇಲೇ ಸ್ವಿಚ್. ಬ್ಲೇಡನ್ನು ಹಿಂದೆ ಮುಂದೆಯೂ ಆಡಿಸುವ ಪೆಂಡುಲಮ್ ಗುಂಡಿ ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ಕಡ್ಡಿ ಮುಂದಕ್ಕೂ ಒದೆಯುತ್ತದೆ. ಮೊದಲು 80ನೇ ನಂಬರಿನ ಒರಟು ಪೇಪರ್, ಆಮೇಲೆ 120, ಕೊನೆಗೆ 180ರ ನಯ ಪೇಪರ್. ಮೂಗಿಗೆ ಮಾಸ್ಕ್ ಬೇಕೇ ಬೇಕು. ಮರದ ಧೂಳು ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಸುತ್ತುಗರಗಸಕ್ಕೂ ಪೇಪರ್ ಅಂಟಿಸಬಹುದಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ ಸ್ವಾಮಿ, ಜಿಗ್‌ಸಾ ಸಾಕು. ಅದನ್ನೂ ಒತ್ತಬೇಡಿ. ಪೇಪರ್ ಸವೆದರೆ ಪ್ಲಗ್ ಕಿತ್ತು ಬದಲಿಸಿ. ನಮಸ್ಕಾರ.