ತುದಿಯನ್ನು ಮುಟ್ಟಬೇಡಿ

ಕೇಳುಗರಿಗೆ ನಮಸ್ಕಾರ. ವಿಜಯಪುರ ಜಿಲ್ಲೆಯ ಗ್ಯಾರೇಜುಗಳಲ್ಲಿ ಗ್ರೀಸು ಮೆತ್ತಿದ ಕೈಯಲ್ಲೇ ರೇಡಿಯೋ ಹಚ್ಚಿ ಕುಳಿತಿರುವ ಹುಡುಗರಿಗೆ, ಭಾನುವಾರ ಅಂಗಳದಲ್ಲಿ ತಮ್ಮ ಕಾರನ್ನು ತಾವೇ ಬಿಚ್ಚುವವರಿಗೆ ನಾನು ಹೇಳಬೇಕಾದದ್ದು ಒಂದೇ ಮಾತು. ಆಕ್ಸಿಜನ್ ಸೆನ್ಸರ್‌ನ ತುದಿಯನ್ನು ಮುಟ್ಟಬೇಡಿ.

ಸೈಲೆನ್ಸರ್ ಪೈಪಿಗೆ ಸ್ಪಾರ್ಕ್ ಪ್ಲಗ್‌ನಂತೆ ತಿರುಗಿಸಿ ಕೂರಿಸಿದ ಆ ಸಣ್ಣ ಸಾಮಾನು ಎಂಜಿನ್‌ನ ಮೂಗು. ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ. 300 ಡಿಗ್ರಿ ದಾಟಿ ಕಾದ ಮೇಲೆ ಅದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಂದಿಗೆ ತೂಗಿ ನೋಡಿ ಚೂರು ವಿದ್ಯುತ್ ಹುಟ್ಟಿಸುತ್ತದೆ. ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟ್. ಇದನ್ನು ಓದಿಕೊಂಡೇ ಕಾರಿನ ಕಂಪ್ಯೂಟರ್ ಪೆಟ್ರೋಲ್ ಅಳೆದು ಬಿಡುತ್ತದೆ. ಮೂಗು ಕಟ್ಟಿದರೆ ಅಳತೆ ಕೆಟ್ಟಿತು, ಎವರೇಜ್ ಬಿದ್ದಿತು.

ಎರಡು ಬೇಸಿಗೆಯ ಹಿಂದೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನಮ್ಮ ಗ್ಯಾರೇಜಿಗೆ ಬಂದರು. ಲೀಟರಿಗೆ 17 ಕಿಲೋಮೀಟರ್ ಓಡುತ್ತಿದ್ದ ಕಾರು 12ಕ್ಕೆ ಇಳಿದಿತ್ತು. ಒಣದ್ರಾಕ್ಷಿ ಮಾರಿದ ಹಣದಲ್ಲಿ ಹೊಸ ಸೆನ್ಸರ್ ಹಾಕಿಸಿ ತಿಂಗಳೂ ತುಂಬಿರಲಿಲ್ಲ, ಎಂಜಿನ್ ದೀಪ ಮತ್ತೆ ಹತ್ತಿತ್ತು. ಅಂಗಡಿಯವರು ನಕಲಿ ಮಾಲು ಕೊಟ್ಟಿದ್ದಾರೆ ಎಂದು ಅವರಿಗೆ ಸಿಟ್ಟು. ಬಿಚ್ಚಿ ನೋಡಿದೆ. ಮಾಲು ಅಸಲಿಯೇ, ತುದಿ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಅದನ್ನು ಕೂರಿಸಿದ್ದ ಹುಡುಗನನ್ನು ಕರೆಸಿದೆ. ಹತ್ತೊಂಬತ್ತರ ಪ್ರಾಯ, ಕೆಲಸ ಅಚ್ಚುಕಟ್ಟು. "ಏನು ಹಚ್ಚಿದೆಯಪ್ಪಾ?" ಎಂದೆ. "ಹೊಗೆ ಸೋರಬಾರದು ಎಂದು ತಿರುಪಿನ ಥ್ರೆಡ್‌ಗೆ ಸಿಲಿಕೋನ್ ಪೇಸ್ಟ್ ಹಚ್ಚಿದೆ ಕಾಕಾ. ತುದಿಗೂ ಸ್ವಲ್ಪ ತಗುಲಿತು. ಬಟ್ಟೆಯಿಂದ ಚೆನ್ನಾಗಿ ಒರೆಸಿದೆ" ಎಂದ.

ಒರೆಸಿದರೆ ಹೋಗುವುದಿಲ್ಲ! ಸಿಲಿಕೋನ್ ಕಾದು ಆವಿಯಾಗಿ, ಸುಟ್ಟು, ಗಾಜಿನಂಥ ಪದರವಾಗಿ ತುದಿಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಹುಡುಗನ ಕಣ್ಣಲ್ಲಿ ನೀರು ಬಂತು. ಬೆಳೆಗಾರರು ಅವನ ಬೆನ್ನು ತಟ್ಟಿ, ಎರಡನೆಯ ಸೆನ್ಸರ್‌ಗೂ ತಾವೇ ಹಣ ಕೊಟ್ಟರು. ಅದನ್ನು ಅವನ ಕೈಯಿಂದಲೇ ಹಾಕಿಸಿದೆ, ಪೇಸ್ಟಿಲ್ಲದೆ. ಹೊಗೆ ತಡೆಯಲು ಸೆನ್ಸರ್‌ನ ವಾಷರ್ ಸಾಕು. ಥ್ರೆಡ್‌ಗೆ ಬೇಕಾದದ್ದನ್ನು ಸಾಮಾನ್ಯವಾಗಿ ಕಂಪನಿಯೇ ಹಚ್ಚಿ ಕಳುಹಿಸಿರುತ್ತದೆ. ಸೀಸವೂ ಈ ತುದಿಗೆ ವಿಷ. 2000ದಲ್ಲಿ ಇಡೀ ದೇಶ ಸೀಸದ ಪೆಟ್ರೋಲನ್ನು ಬಿಟ್ಟಿತು. ನಾವು ಒಂದು ಪೇಸ್ಟಿನ ಟ್ಯೂಬು ಬಿಡಲಾರೆವೇ?

ನನಗೆ ಕೊಟ್ಟ ಸಮಯ ಕಡಿಮೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಆಗಷ್ಟೇ ಓಡಿ ಬಂದ ಕಾರಿಗೆ ಕೈ ಹಾಕಬೇಡಿ, ಸೈಲೆನ್ಸರ್ ಚರ್ಮ ಸುಲಿಯುವಷ್ಟು ಕಾದಿರುತ್ತದೆ. ಗಂಟೆ ಹೊತ್ತು ಬಿಡಿ. ತಣಿಸಲು ನೀರು ಎರಚಬೇಡಿ. ಕಾದ ಮಣ್ಣಿನ ಹಂಚಿಗೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ಮನೆಯಲ್ಲಿ ಅವ್ವನನ್ನು ಕೇಳಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಸೆನ್ಸರ್ ಬಿಚ್ಚುವ ಪಾನಾ ಸಾಮಾನ್ಯವಾಗಿ 22 ಎಂಎಂನದು. ಹಳೆಯ ಸೆನ್ಸರ್ ಬಿಗಿದು ಕುಳಿತಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ; ಸಿಟ್ಟಿನಿಂದ ಜಗ್ಗಿದರೆ ಪೈಪಿನ ಥ್ರೆಡ್ಡೇ ಕಿತ್ತು ಬರುತ್ತದೆ. ಆ ಎಣ್ಣೆ ಹೊಸ ಸೆನ್ಸರ್‌ಗೆ ತಾಗಬಾರದು. ಹೊಸದನ್ನು ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ಪಾನಾ ಹಾಕಿ. ಕನೆಕ್ಟರ್‌ಗೆ ಸ್ಪ್ರೇ ಹೊಡೆಯಬೇಡಿ, ಅನೇಕ ಸೆನ್ಸರ್‌ಗಳು ವೈರಿನ ಒಳಗಿನಿಂದಲೇ ಹೊರಗಾಳಿ ಎಳೆದುಕೊಳ್ಳುತ್ತವೆ. ಕೈ ತಪ್ಪಿ ನೆಲಕ್ಕೆ ಬಿದ್ದದ್ದನ್ನು ಹಾಕಲೇಬೇಡಿ, ಒಳಗಿನ ಪಿಂಗಾಣಿ ಬಿರುಕು ಬಿಟ್ಟದ್ದು ಹೊರಗೆ ಕಾಣುವುದಿಲ್ಲ.

ಹೊಸ ಸೆನ್ಸರ್‌ನ ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಇದ್ದರೆ, ಪೈಪಿನ ತೂತಿಗೆ ಹಿಡಿಯುವ ಗಳಿಗೆಯವರೆಗೂ ಅದು ಅಲ್ಲಿಯೇ ಇರಲಿ. ನಮಸ್ಕಾರ.