ಮೊದಲು ಕಾಡತೂಸು, ಆಮೇಲೆ ಪಿಸ್ತೂಲು

ಎಲ್ಲರಿಗೂ ನಮಸ್ಕಾರ. ಗಡಹಿಂಗ್ಲಜದಲ್ಲಿ ಶೂಟಿಂಗ್ ಬಗ್ಗೆ ಮಾತಾಡಲು ದೊಡ್ಡ ಪೀಠಿಕೆ ಬೇಕಿಲ್ಲ. ತೇಜಸ್ವಿನಿ ಸಾವಂತ್, ರಾಹಿ ಸರ್ನೋಬತ್, ಸ್ವಪ್ನಿಲ್ ಕುಸಾಳೆ, ಮೂವರು ಶೂಟರ್‌ಗಳೂ ನಮ್ಮ ಕೊಲ್ಹಾಪುರ ಜಿಲ್ಲೆಯವರೇ. 2024ರಲ್ಲಿ ಸ್ವಪ್ನಿಲ್ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಕಂಚು ತಂದ ಮೇಲಂತೂ ಮಕ್ಕಳನ್ನು ಕೈಹಿಡಿದು ರೇಂಜಿಗೆ ಕರೆತರುವ ಅಪ್ಪ ಅಮ್ಮಂದಿರು ಜಾಸ್ತಿ ಆಗಿದ್ದಾರೆ. ಮಗ ಅಥವಾ ಮಗಳು ಏರ್ ಪಿಸ್ತೂಲಿನಲ್ಲಿ ಪಳಗಿ 25 ಮೀಟರಿಗೆ ಬರುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ: "ಸರ್, ಯಾವ ಕಂಪನಿಯ ಪಿಸ್ತೂಲು ತಗೊಳ್ಳೋಣ?"

ನಾನು ತಿರುಗಿ ಕೇಳುತ್ತೇನೆ: "ನಿಮಗೆ ವರ್ಷವಿಡೀ ಯಾವ ಕಾಡತೂಸು ಸಿಗುತ್ತದೆ?"

ಇದಕ್ಕೆ ಹೆಚ್ಚಿನವರಲ್ಲಿ ಉತ್ತರ ಇರುವುದಿಲ್ಲ. ಹೊಲಕ್ಕೆ ಪಂಪ್‌ಸೆಟ್ ತರುವಾಗ ನಾವು ಮೊದಲು ನೋಡುವುದೇನು? ನಮ್ಮೂರಿಗೆ ಬರುವ ವೋಲ್ಟೇಜಿಗೆ ಮೋಟಾರು ಎತ್ತುತ್ತದೆಯೇ ಎಂದು. ಜರ್ಮನಿಯ ವೋಲ್ಟೇಜಿಗೆ ಚೆನ್ನಾಗಿ ಓಡಿದರೆ ನಮಗೇನು ಬಂತು? ಪಿಸ್ತೂಲಿಗೂ ಅದೇ ಲೆಕ್ಕ.

25 ಮೀಟರಿನಲ್ಲಿ ನಮ್ಮ ಮಕ್ಕಳು ಹೊಡೆಯುವುದು ಬಹುಪಾಲು ಪಾಯಿಂಟ್ ಟೂ ಟೂ, ಅಂದರೆ .22 ಲಾಂಗ್ ರೈಫಲ್ ಕಾಡತೂಸು. 1887ರಿಂದ ಇರುವ ಹಳೆಯ ತಳಿ. ಇದರಲ್ಲಿ ಕಿಡಿ ಹತ್ತುವ ಮದ್ದು ತಳದ ನಡುವೆ ಇರುವುದಿಲ್ಲ, ಅಂಚಿನ ಮಡಿಕೆಯ ಒಳಗೆ ಇರುತ್ತದೆ. ಪಿನ್ ಆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. ಒಮ್ಮೆ ಜಜ್ಜಿದ ಕೇಸನ್ನು, ಅಂದರೆ ಲೋಹದ ಕವಚವನ್ನು, ಮತ್ತೆ ತುಂಬಲು ಬರುವುದಿಲ್ಲ. ದೊಡ್ಡ ಗುಂಡಿನ ಪಿಸ್ತೂಲು ಹೊಡೆಯುವವರು ಕೆಲವು ದೇಶಗಳಲ್ಲಿ ತಮ್ಮ ಪಿಸ್ತೂಲಿಗೆ ಒಗ್ಗುವ ಹಾಗೆ ಮನೆಯಲ್ಲೇ ಮದ್ದು ತೂಗಿ ಕಾಡತೂಸು ಕಟ್ಟಿಕೊಳ್ಳುತ್ತಾರೆ. .22ರಲ್ಲಿ ಆ ದಾರಿಯೇ ಇಲ್ಲ. ಕಾರ್ಖಾನೆ ಏನು ಕೊಟ್ಟಿತೋ ಅದು. ಅದಕ್ಕೆ ಹೊಂದಿಕೊಳ್ಳಬೇಕಾದದ್ದು ಪಿಸ್ತೂಲು.

ಹೊಂದಿಕೊಳ್ಳುವುದು ಅಂದರೆ ಏನು? ಈ ಪಿಸ್ತೂಲುಗಳಲ್ಲಿ ಗುಂಡು ಹಾರುವಾಗ ಹಿಂಬದಿಯನ್ನು ಭದ್ರವಾಗಿ ಕೊಂಡಿ ಹಾಕಿ ಹಿಡಿಯುವ ಏರ್ಪಾಡು ಇಲ್ಲ. ಬೋಲ್ಟು ಅನ್ನುವ, ಹಿಂದೆ ಮುಂದೆ ಜಾರುವ ಲೋಹದ ತುಂಡಿನ ತೂಕ ಮತ್ತು ಒಂದು ಸ್ಪ್ರಿಂಗ್, ಅಷ್ಟೇ. ಖಾಲಿ ಕೇಸು ಹಿಂದಕ್ಕೆ ದೂಡಿದ ಬಲದಲ್ಲೇ ಬೋಲ್ಟು ಹಿಂದೆ ಹೋಗಬೇಕು, ಕೇಸನ್ನು ಹೊರಗೆ ಎಸೆಯಬೇಕು, ವಾಪಸು ಬರುವಾಗ ಮುಂದಿನ ರೌಂಡನ್ನು, ಅಂದರೆ ಕಾಡತೂಸನ್ನು, ತಳ್ಳಿಕೊಂಡು ಬರಬೇಕು. ದೂಡುವ ಬಲ ಕಡಿಮೆಯಾದರೆ ಬೋಲ್ಟು ಅರ್ಧ ದಾರಿಯಲ್ಲೇ ತಿರುಗಿ ಬರುತ್ತದೆ, ಕೇಸು ಬಾಗಿಲಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ಬೋಲ್ಟು ಹಿಂದೆ ಹೋಗಿ ಬಡಿಯುತ್ತದೆ. ಇವತ್ತು ಓಡುತ್ತದೆ, ಆದರೆ ಒಳಗಿನ ಭಾಗಗಳು ಬೇಗ ಸವೆಯುತ್ತವೆ.

ಯುರೋಪಿನ ಸ್ಪರ್ಧಾ ಪಿಸ್ತೂಲುಗಳು, ವಾಲ್ಥರ್, ಪಾರ್ಡಿನಿ, ಮೊರಿನಿ, ಹ್ಯಾಮರ್ಲಿ, ಫೈನ್‌ವರ್ಕ್‌ಬೌ ಇಂಥವು, ಸೆಕೆಂಡಿಗೆ ಸುಮಾರು 320–330 ಮೀಟರ್ ವೇಗದ ಕಾಡತೂಸಿಗೆ ಅಂತಲೇ ಹದ ಮಾಡಿದವು. ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ ಅದು. ಡಬ್ಬಿಯ ಮೇಲೆ 'ಹೈ ವೆಲಾಸಿಟಿ' ಅಂತ ಬರೆದಿದ್ದರೆ ಅದು ಇವುಗಳಿಗೆ ಬೇಡ. ಜೋರಾಗಿ ಹೋಗುತ್ತದೆ ಅಂದ್ರೆ ಒಳ್ಳೆಯದೇ ಅಲ್ವಾ ಅಂತ ಒಬ್ಬ ಹುಡುಗ ಕೇಳಿದ್ದ. ಅಲ್ಲಪ್ಪ, ಕಾಗದದ ಗುರಿಯನ್ನು ಜೋರಾಗಿ ತೂತು ಮಾಡಿದರೆ ಹೆಚ್ಚು ಅಂಕ ಕೊಡುವುದಿಲ್ಲ. ತೀರಾ ಮೆತ್ತಗಿನದೂ ಆಗುವುದಿಲ್ಲ. ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಗುಂಡಿನ ವೇಗ ಸೆಕೆಂಡಿಗೆ 250 ಮೀಟರಿಗಿಂತ ಕಡಿಮೆ ಇರಬಾರದು ಅಂತ ನಿಯಮವೇ ಇದೆ.

ಈಗ ಹಣದ ಮಾತಿಗೆ ಬರೋಣ, ಯಾಕಂದ್ರೆ ತಪ್ಪು ಆಗುವುದು ಇಲ್ಲೇ. ರೈಫಲ್ ಹೊಡೆಯುವವರು ದುಬಾರಿ ಕಾಡತೂಸು ತರಿಸುತ್ತಾರೆ, ಒಂದೊಂದು ಲಾಟನ್ನೂ ಹೊಡೆದು ನೋಡಿ ಆರಿಸುತ್ತಾರೆ. ಅವರನ್ನು ನೋಡಿ ಪಿಸ್ತೂಲಿನವರೂ ಅದನ್ನೇ ಮಾಡಲು ಹೋಗುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್. ಅಲ್ಲಿ ಕಾಡತೂಸಿನ ಒಂದೊಂದು ಮಿಲಿಮೀಟರಿಗೂ ಬೆಲೆ ಇದೆ. 25 ಮೀಟರ್ ಪಿಸ್ತೂಲಿನ ನಿಖರ ಹಂತದ ಗುರಿಯಲ್ಲಿ ಹತ್ತು ಅಂದರೆ 50 ಮಿಲಿಮೀಟರ್, ವೇಗದ ಹಂತದ ಗುರಿಯಲ್ಲಿ 100 ಮಿಲಿಮೀಟರ್. ಒಂದು ಕಾಡತೂಸಿನ ಗುಂಡುಗಳೆಲ್ಲ 15 ಮಿಲಿಮೀಟರ್ ಅಗಲದಲ್ಲಿ ಗುಂಪಾಗಿ ಬಿದ್ದವು, ಇನ್ನೊಂದರವು 20ರಲ್ಲಿ ಬಿದ್ದವು ಅಂತಿಟ್ಟುಕೊಳ್ಳಿ. ಒಂದೇ ಕೈ ಚಾಚಿ ಹೊಡೆಯುವ ಹದಿನಾರರ ಹುಡುಗಿಗೆ ಆ ಐದು ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಡುವೆ ಒಂದು ಜಾಮ್ ಆದರೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಪಿಸ್ತೂಲಿನವರು ಕಾಡತೂಸಿಗೆ ಕೊಡುವ ಹಣ ನಂಬಿಕೆಗೆ ಕೊಡಬೇಕು. ಎಸ್‌ಕೆ, ಸಿಸಿಐ ಇಂಥವರ ಸಾದಾ ಸ್ಟ್ಯಾಂಡರ್ಡ್ ವೇಗದ ರೌಂಡು ನಿಮ್ಮ ಪಿಸ್ತೂಲಿನಲ್ಲಿ ತಕರಾರಿಲ್ಲದೆ ಓಡಿದರೆ ಸಾಕು. ಉಳಿದ ಹಣದಲ್ಲಿ ಇನ್ನೂ ನಾಲ್ಕು ಡಬ್ಬಿ ತನ್ನಿ. ಅಭ್ಯಾಸಕ್ಕೂ ಸ್ಪರ್ಧೆಗೂ ಒಂದೇ ಕಾಡತೂಸು ಇರಲಿ.

ಜಾಮ್ ಆದರೆ ಏನಾಗುತ್ತದೆ ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು. ಮಹಿಳೆಯರ 25 ಮೀಟರಿನ ವೇಗದ ಹಂತದಲ್ಲಿ ಗುರಿ 3 ಸೆಕೆಂಡ್ ಕಾಣಿಸುತ್ತದೆ, ಆಮೇಲೆ 7 ಸೆಕೆಂಡ್ ಬಿಡುವು, ಹೀಗೆ ಐದು ಸಲ. ಪುರುಷರ ರ‍್ಯಾಪಿಡ್ ಫೈರ್‌ನಲ್ಲಂತೂ ಕೊನೆಕೊನೆಗೆ 4 ಸೆಕೆಂಡಿನಲ್ಲಿ ಐದು ಗುರಿಗೆ ಐದು ಗುಂಡು. ಅಲ್ಲಿ ಪಿಸ್ತೂಲು ಕೈಕೊಟ್ಟರೆ ಮೂತಿ ಗುರಿಯ ಕಡೆಗೇ ಇಟ್ಟು ಖಾಲಿ ಕೈ ಎತ್ತಬೇಕು. ಬೋಲ್ಟನ್ನು ಮುಟ್ಟಲೇಬಾರದು. ಮುಟ್ಟಿದರೆ ಅದು ಪಿಸ್ತೂಲಿನ ದೋಷ ಅಂತ ಒಪ್ಪುವುದಿಲ್ಲ, ಹೊಡೆಯದ ಗುಂಡು ಸೊನ್ನೆಗೆ ಹೋಗುತ್ತದೆ. ಮ್ಯಾಗಜಿನ್, ಅಂದರೆ ಕಾಡತೂಸು ತುಂಬುವ ಡಬ್ಬಿ, ಸರಿಯಾಗಿ ಹಾಕದಿದ್ದರೂ, ಸೇಫ್ಟಿ ತೆಗೆಯಲು ಮರೆತರೂ ಅಷ್ಟೇ. ನಿಜವಾದ ದೋಷಕ್ಕೂ ಮಿತಿ ಇದೆ, ಪದೇಪದೇ ಕೈ ಎತ್ತಲು ಬಿಡುವುದಿಲ್ಲ. ಇನ್ನು, ಅಂಕ ಉಳಿದರೂ ಮನಸ್ಸು ಉಳಿಯಬೇಕಲ್ಲ? 2021ರಲ್ಲಿ ಟೋಕಿಯೊದಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲು ಅರ್ಹತಾ ಸುತ್ತಿನಲ್ಲೇ ಕೆಟ್ಟಿತು. ಸಮಯ ಹೋಯಿತು, ಸ್ವಲ್ಪದರಲ್ಲಿ ಫೈನಲ್ ತಪ್ಪಿತು. ಇನ್ನೊಂದು ಕಡೆ ನಮ್ಮ ರಾಹಿಯನ್ನು ನೋಡಿ. 2018ರ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ 34–34 ಸಮ ಆಗಿ, ಶೂಟ್‌ಆಫ್‌ನಲ್ಲಿ ಚಿನ್ನ ಬಂತು. ಅಂಥ ಹೊತ್ತಿನಲ್ಲಿ ಮುಂದಿನ ರೌಂಡು ನಳಿಗೆಯ ಹಿಂಬದಿಯ ಚೇಂಬರಿಗೆ ಬಂತೋ ಇಲ್ಲವೋ ಅನ್ನುವ ಅನುಮಾನ ತಲೆಯಲ್ಲಿ ಇದ್ದರೆ ಬೆರಳು ನಡೆಯುತ್ತದೆಯೇ?

ಹಾಗಾದರೆ ಕೊಳ್ಳುವ ಮುಂಚೆ ಹೇಗೆ ನೋಡುವುದು? ಕ್ಲಬ್ಬಿನಲ್ಲಿ ಯಾರ ಹತ್ತಿರ ಆ ಮಾದರಿ ಇದೆಯೋ ಅವರ ಕೈಕಾಲು ಹಿಡಿದಾದರೂ ರೇಂಜಿನಲ್ಲಿ, ಅವರ ಎದುರಿಗೇ, ಹೊಡೆದು ನೋಡಿ. ನಿಮಗೆ ಸಿಗುವ ಕಾಡತೂಸಿನಿಂದಲೇ ಹೊಡೆಯಬೇಕು. ಇನ್ನೂರು ಮುನ್ನೂರು ರೌಂಡ್ ಆಗಲಿ. ನಡುವೆ ಒರೆಸಬೇಡಿ. .22 ಗುಂಡಿನ ಮೇಲೆ ಮೇಣ ಸವರಿರುತ್ತದೆ. ಆ ಮೇಣ, ಮಸಿ, ನಾವು ಧಾರಾಳವಾಗಿ ಬಿಟ್ಟ ಎಣ್ಣೆ ಮೂರೂ ಸೇರಿ ಒಂದು ಕರಿ ಅಂಟು ಆಗುತ್ತದೆ. ಒಳ್ಳೆಯ ಪಿಸ್ತೂಲು ಆ ಅಂಟಿನಲ್ಲೂ ಓಡುತ್ತದೆ. ಆಜರಾ, ಚಂದಗಡ ಕಡೆಯವರು ಮಳೆಗಾಲದಲ್ಲಿ ತುಕ್ಕಿಗೆ ಹೆದರಿ ಎಣ್ಣೆಯಲ್ಲಿ ಅದ್ದಿಯೇ ಇಡುತ್ತಾರೆ. ಹೊರಗೆ ತೆಳ್ಳಗೆ ಸವರಿ, ಚೇಂಬರನ್ನು ಒಣಗಿಸಿ ತನ್ನಿ. ಮಗು ಹೊಡೆಯುವ ಪಿಸ್ತೂಲನ್ನು ಮಗುವೇ ಹೊಡೆದು ನೋಡಬೇಕು. ಅಪ್ಪನ ಗಟ್ಟಿ ಮಣಿಕಟ್ಟಿನಲ್ಲಿ ಓಡಿದ್ದು ಮಗಳ ಸಡಿಲ ಹಿಡಿತದಲ್ಲಿ ನಿಲ್ಲಬಹುದು.

ನಿಂತರೆ ಪಿಸ್ತೂಲನ್ನು ಬೈಯುವ ಮುಂಚೆ ಕಾಡತೂಸನ್ನು ನೋಡಿ. ಅಂಚಿನ ಮೇಲೆ ಪಿನ್ನಿನ ಗುರುತು ಆಳವಾಗಿದ್ದೂ ಹಾರದಿದ್ದರೆ ಕಾಡತೂಸಿನ ತಪ್ಪು. ಅಂಚಿನೊಳಗೆ ಮದ್ದು ಆ ಜಾಗದಲ್ಲಿ ಸರಿಯಾಗಿ ಕೂತಿರುವುದಿಲ್ಲ. ಗುರುತು ತೇಲಿದ್ದರೆ ಪಿನ್ನು ಅಥವಾ ಅದರ ಸ್ಪ್ರಿಂಗ್ ಸೋತಿದೆ. ಒಂದೇ ಮ್ಯಾಗಜಿನ್‌ನಲ್ಲಿ ತೊಂದರೆ ಬರುತ್ತಿದ್ದರೆ ಅದರ ತುಟಿ ಬಾಗಿದೆ. ಅದಕ್ಕೇ ಮ್ಯಾಗಜಿನ್‌ಗಳ ಮೇಲೆ 1, 2 ಅಂತ ಬರೆದಿಡಿ. ತುಂಬುವಾಗ ಮೇಲಿನ ರೌಂಡಿನ ಅಂಚು ಕೆಳಗಿನದಕ್ಕಿಂತ ಮುಂದೆ ಇರಬೇಕು, ಇಲ್ಲದಿದ್ದರೆ ಒಂದಕ್ಕೊಂದು ತೊಡರುತ್ತವೆ. ಶಬ್ದ ಮಾತ್ರ 'ಪುಸ್' ಅಂತ ಬಂತು ಅಂದರೆ ನಿಲ್ಲಿಸಿಬಿಡಿ. ಗುಂಡು ನಳಿಗೆಯಲ್ಲೇ ಇರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯೂ ಹೋಯಿತು, ಕೈಗೂ ಅಪಾಯ.

ಸೆಂಟರ್ ಫೈರ್‌ಗೆ, ಅಂದರೆ ಕಿಡಿ ಹತ್ತುವ ಮದ್ದು ತಳದ ನಡುವೆ ಇರುವ ದೊಡ್ಡ ಕಾಡತೂಸಿನ ಪಿಸ್ತೂಲಿಗೆ, ಹೋಗುವ ಅಣ್ಣಂದಿರಿಗೆ ಒಂದು ಮಾತು. .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಪಿಸ್ತೂಲು ಬೇಡುವುದು ವಾಡ್‌ಕಟರ್ ಕಾಡತೂಸನ್ನು. ಅದರ ಗುಂಡು ಚಪ್ಪಟೆ, ಕೇಸಿನ ಬಾಯಿಗೆ ಸಮವಾಗಿ ಕೂತಿರುತ್ತದೆ. ನಮ್ಮಲ್ಲಿ ರಿವಾಲ್ವರಿಗೆ ಸಿಗುವ .32ರ ಮೂತಿ ದುಂಡಗೆ, ಹೊರಗೆ ಚಾಚಿರುತ್ತದೆ. ಹೆಸರು ಒಂದೇ, ಆದರೆ ಆ ಮ್ಯಾಗಜಿನ್‌ನಲ್ಲಿ ಅದು ಹಿಡಿಯುವುದೇ ಇಲ್ಲ. ವಾಡ್‌ಕಟರ್ ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದೆ ಸೆಂಟರ್ ಫೈರ್ ಪಿಸ್ತೂಲಿಗೆ ಕೈ ಹಾಕಬೇಡಿ.

ಲೈಸೆನ್ಸಿನ ವಿಷಯ ಉದ್ದ ಎಳೆಯುವುದಿಲ್ಲ. 21 ತುಂಬದವರು ಸ್ವಂತಕ್ಕೆ ಬಂದೂಕು ಪಡೆಯಲು 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡುವುದಿಲ್ಲ. ಮಕ್ಕಳಿಗೆ ತರಬೇತಿಯಲ್ಲಿ ಬಳಸಲು ಬೇರೆ ನಿಯಮಗಳಿವೆ. ಅದನ್ನು ಕ್ಲಬ್ಬಿನಲ್ಲಿ ಕೂತು ಕಾಗದ ನೋಡಿಯೇ ತಿಳಿದುಕೊಳ್ಳಿ, ಸುಮ್ನೆ ಯಾರೋ ಹೇಳಿದರು ಅಂತ ನಂಬಬೇಡಿ.

ಕೊನೆಗೆ ಸೆಕೆಂಡ್ ಹ್ಯಾಂಡ್. ನನ್ನನ್ನು ಕೇಳಿದರೆ, ಮೊದಲ ಪಿಸ್ತೂಲು ಹಳೆಯ ವಾಲ್ಥರ್ ಜಿಎಸ್‌ಪಿ ಆದರೂ ನಡೆಯುತ್ತದೆ. ನೋಡಲು ಡಬ್ಬಿಯ ಹಾಗೆ, ಆದರೆ ಗಟ್ಟಿ ಜೀವ. ಇಲ್ಲಿ ಹತ್ತಿರದಲ್ಲಿ ರಿಪೇರಿಯವರು ಇಲ್ಲ, ಹಾಗಾಗಿ ಎಲೆಕ್ಟ್ರಾನಿಕ್ ಟ್ರಿಗರ್‌ಗಿಂತ ಸಾದಾ ಟ್ರಿಗರ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಹಳೆಯದನ್ನು ನೋಡುವಾಗ ಖಾಲಿ ಇದೆಯೇ ಅಂತ ಎರಡು ಸಲ ಖಚಿತ ಮಾಡಿಕೊಂಡು, ಬೋಲ್ಟು ತೆರೆದು, ಚೇಂಬರಿನ ಹಿಂದಿನ ಅಂಚಿಗೆ ಟಾರ್ಚ್ ಹಿಡಿಯಿರಿ. ಕಾಡತೂಸಿಲ್ಲದೆ ಖಾಲಿ ಹೊಡೆದೂ ಹೊಡೆದೂ ಪಿನ್ನು ಅಲ್ಲಿ ಗುಳಿ ಮಾಡಿರುತ್ತದೆ. ಆ ಗುಳಿಯ ಏಣು ಒಳಗೆ ಚಾಚಿದರೆ ಕೇಸು ಹೊರಗೆ ಬರುವಾಗ ತಡೆಯುತ್ತದೆ, ಯಾವ ಕಾಡತೂಸು ತಂದರೂ ಜಾಮ್ ನಿಲ್ಲುವುದಿಲ್ಲ. ಕೇಸನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಚೂಪಾಗಿದೆಯೇ ನೋಡಿ. ಪಿನ್ನು, ಎಕ್ಸ್‌ಟ್ರಾಕ್ಟರ್, ಸ್ಪ್ರಿಂಗ್ ಒಂದೊಂದು ಹೆಚ್ಚಿಗೆ ಕೊಡುತ್ತಾರೋ ಕೇಳಿ. ಕೊಡದಿದ್ದರೆ ಆ ಹಣವನ್ನು ಬೆಲೆಯಲ್ಲಿ ಇಳಿಸಲು ಹೇಳಿ. ಎರಡು ಮ್ಯಾಗಜಿನ್ ಇಲ್ಲದ ಪಿಸ್ತೂಲು ಎಷ್ಟೇ ಅಗ್ಗವಾದರೂ ಬೇಡ.

ಈಗ ನಿಮ್ಮ ಪ್ರಶ್ನೆಗಳು. ಮರಾಠಿಯಲ್ಲಿ ಕೇಳಿದರೂ ಪರವಾಗಿಲ್ಲ.